ಸಹಾಯ ಬೇಕು: ಚಲ್ಪಹಾದನ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕುರಿತು

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯ ಮಹಿಳಾ ಕೂಟದಲ್ಲಿ ಬೈಬಲಿನ ಅರಣ್ಯಕಾಂಡದ 27ನೆಯ ಅಧ್ಯಾಯದ ಬಗ್ಗೆ ಮಾತನಾಡಬೇಕಾಗಿದ್ದು, ತಿಳಿದವರ ನೆರವನ್ನು ಕೋರುತ್ತಿದ್ದೇನೆ.

ಗಂಡುಮಕ್ಕಳಿಲ್ಲದೆ ತೀರಿಕೊಂಡ ಚಲ್ಪಹಾದನ ಐವರು ಹೆಣ್ಣುಮಕ್ಕಳು ಇಸ್ರಾಯೇಲ್ಯರ ನಾಯಕ ಮೋಶೆಯ ಮುಂದೆ ನಿಂತು, ತಂದೆಯ ಹೆಸರು ಕುಲದಿಂದ ಅಳಿಯಬಾರದೆಂದು ಪಾಲು ಕೇಳಿದಾಗ, ಅವರ ಮಾತು ನ್ಯಾಯವಾದದ್ದೆಂದು ದೇವರೇ ಹೇಳಿದ ಭಾಗವನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ಆದರೆ 36ನೆಯ ಅಧ್ಯಾಯದಲ್ಲಿ, ಭೂಮಿ ಬೇರೆ ಕುಲದ ಪಾಲಾಗದಂತೆ ಅವರು ತಮ್ಮ ತಂದೆಯ ಕುಲವಾದ ಮನಸ್ಸೆಯ ಕುಲದೊಳಗೇ ಮದುವೆಯಾಗಬೇಕೆಂಬ ನಿಬಂಧನೆ ಬರುತ್ತದೆ, ಅವರು ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೇ ಮದುವೆಯಾಗುತ್ತಾರೆ. ಈ ನಿಬಂಧನೆ ಆ ಒಂದು ಪೀಳಿಗೆಗಷ್ಟೇ ಅನ್ವಯಿಸಿತೆಂದು ಯೆಹೂದಿ ಧರ್ಮಶಾಸ್ತ್ರದ ಚರ್ಚಾಗ್ರಂಥವಾದ ತಾಲ್ಮುದ್ ವಿವರಿಸುತ್ತದೆ. ಇದಕ್ಕೆ ಮೂಲ ಹೀಬ್ರೂ ಪಾಠದ ಯಾವ ಮಾತು ಆಧಾರವೆಂದು ಯಾರಾದರೂ ತಿಳಿಸುವಿರಾ?

ಇನ್ನೊಂದು ಪ್ರಶ್ನೆಯೂ ಇದೆ. ಗಂಡುಮಕ್ಕಳಿದ್ದರೆ ಹೆಣ್ಣುಮಕ್ಕಳಿಗೆ ಪಾಲಿಲ್ಲವೆಂಬುದು ಮಿಷ್ನಾದ (ತಾಲ್ಮುದ್‌ಗೆ ಮೂಲವಾದ ಯೆಹೂದಿ ನಿಯಮಗಳ ಸಂಗ್ರಹದ) ಸಾಮಾನ್ಯ ನಿಯಮವಾದರೂ, ಆಸ್ತಿ ಅಲ್ಪವಾಗಿದ್ದಾಗ ಮೊದಲು ಹೆಣ್ಣುಮಕ್ಕಳ ಪೋಷಣೆಯಾಗಬೇಕು, ಗಂಡುಮಕ್ಕಳು ಬೇಡಿಯಾದರೂ ಬದುಕಲಿ ಎಂದು ಅದೇ ಮಿಷ್ನಾ ಹೇಳುತ್ತದೆ. (ಅದ್ಮೋನನೆಂಬವನು ಇದನ್ನು ಆಕ್ಷೇಪಿಸಿದ್ದೂ ಅಲ್ಲಿಯೇ ಇದೆ.) ಪಾಲಿನ ಹಕ್ಕಿಗೂ ಪೋಷಣೆಯ ಹಕ್ಕಿಗೂ ಇರುವ ಈ ವ್ಯತ್ಯಾಸವನ್ನು ಕಾನೂನು ಓದಿಲ್ಲದ ಹೆಂಗಸರಿಗೂ ಅರ್ಥವಾಗುವಂತೆ ಹೇಳುವುದು ಹೇಗೆ? ಬೈಬಲಿನ ಯೋಬನು ಮಗಂದಿರ ಜೊತೆಗೆ ಮೂವರು ಹೆಣ್ಣುಮಕ್ಕಳಿಗೂ ಪಾಲು ಕೊಟ್ಟದ್ದನ್ನು ಇಲ್ಲಿ ಉದಾಹರಿಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.