‘ರನ್’ ಎಂದರೆ ‘ಓಡು’ ಎಂದಷ್ಟೇ ಕಲಿಸಿದರೆ ಸಾಕೇ?

ಪ್ರಶ್ನೆ:
ನಾನು ಕನ್ನಡ ಮಾಧ್ಯಮದ ಎಂಟನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ‘ಮೈ ಆಂಟ್ ರನ್ಸ್ ಎ ಹೋಟೆಲ್’ ಎಂಬ ವಾಕ್ಯವನ್ನು ಕನ್ನಡಕ್ಕೆ ತರಲು ಹೇಳಿದಾಗ, ಶ್ರದ್ಧೆಯಿಂದ ಓದುವ ಹುಡುಗಿಯೊಬ್ಬಳು ‘ನಮ್ಮ ಅತ್ತೆ ಹೋಟೆಲ್ ಓಡುತ್ತಾರೆ’ ಎಂದು ಬರೆದು, ಸರಿಯಿಲ್ಲವೆಂದು ತನಗೇ ತೋರಿ ಎರಡು ಬಾರಿ ಹೊಡೆದುಹಾಕಿ, ಕೊನೆಗೆ ಮತ್ತೆ ಅದನ್ನೇ ಬರೆದಿದ್ದಳು. ರನ್ ಎಂದರೆ ಓಡು ಎಂದು ಹೇಳಿಕೊಟ್ಟವಳು ನಾನೇ ಆದ್ದರಿಂದ ಆ ಹಾಳೆ ನೋಡಿ ಮನಸ್ಸಿಗೆ ಬೇಸರವಾಯಿತು. ಉರು ಹೊಡೆಸದೆ ಈ ಪದವನ್ನು ಕಲಿಸುವ ದಾರಿ ಇದೆಯೇ?

ಉತ್ತರ 1:
ಮೇಡಂ, ಉರು ಹೊಡೆಸಿ ಮುಗಿಯುವ ಪದವಲ್ಲ ಇದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ಪಡೆದಿದ್ದ ಪದ ‘ಸೆಟ್’. ಪರಿಷ್ಕರಣೆಯ ನಂತರ ‘ರನ್’ ಅದನ್ನು ಮೀರಿಸಿತು, ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ಆದ್ದರಿಂದ ಮಕ್ಕಳನ್ನು ಪದದ ಅರ್ಥ ಕೇಳುವ ಬದಲು ಕರ್ತೃ ಯಾವುದೆಂದು ಕೇಳಿ. ನೀರಾದರೆ ಹರಿಯುತ್ತದೆ, ಮೂಗಾದರೆ ಸೋರುತ್ತದೆ, ಬಸ್ಸಾದರೆ ಓಡುತ್ತದೆ, ನೆನೆಸಿಟ್ಟ ಹೊಸ ಸೀರೆಯಾದರೆ ಬಣ್ಣ ಬಿಡುತ್ತದೆ.

ಉತ್ತರ 2:
ಮೇಲಿನ ಮಾತು ಒಳ್ಳೆಯದೇ, ಆದರೆ ಹೋಟೆಲಿನ ವಾಕ್ಯಕ್ಕೆ ಅದು ಸಾಲದು. ಅಲ್ಲಿ ಕರ್ತೃ ಅತ್ತೆ, ಅತ್ತೆ ಓಡಬಲ್ಲರು. ಹುಡುಗಿ ಎಡವಿದ್ದು ಅಲ್ಲಿಯೇ. ನೋಡಬೇಕಾದದ್ದು ಕರ್ಮವನ್ನು. ಓಡು–ಓಡಿಸು, ನಡೆ–ನಡೆಸು ಎಂದು ನಾವು ‘ಇಸು’ ಹಚ್ಚಿ ಬೇರ್ಪಡಿಸುವ ಎರಡು ಕೆಲಸಗಳಿಗೆ ಇಂದಿನ ಇಂಗ್ಲಿಷಿನಲ್ಲಿ ರನ್ ಒಂದೇ ರೂಪ. ಹಳೆಯ ಇಂಗ್ಲಿಷಿನಲ್ಲಿ ಓಡುವುದಕ್ಕೆ ‘ರಿನ್ನನ್’, ಓಡಿಸುವುದಕ್ಕೆ ‘ಆ್ಯರ್ನನ್’ ಎಂದು ಬೇರೆ ಬೇರೆ ಪದಗಳೇ ಇದ್ದವು. ಕಾಲಕ್ರಮೇಣ ಎರಡೂ ಬೆರೆತುಹೋದವು. ಆ ಹುಡುಗಿಯ ತೊಡಕು ಇಂಗ್ಲಿಷಿನದೇ ಹೊರತು ಅವಳದಲ್ಲ, ಇದನ್ನು ಅವಳಿಗೆ ದಯವಿಟ್ಟು ಹೇಳಿ. ಕರ್ಮವಿದ್ದರೆ ‘ಇಸು’ ಹಚ್ಚಿ ನೋಡು ಎಂದರೆ ‘ನಡೆಸುತ್ತಾರೆ’ ತಾನಾಗಿ ಹೊಳೆಯುತ್ತದೆ. ‘ರನ್ ಔಟ್ ಆಫ್’, ‘ರನ್ ಇನ್‌ಟು’ ಮುಂತಾದವು ಮಾತ್ರ ಈ ಉಪಾಯಕ್ಕೆ ಸಿಗುವುದಿಲ್ಲ. ಗ್ಯಾಸ್ ಮುಗಿದುಹೋಗುವುದು, ಹಳೆಯ ಗೆಳತಿ ಪೇಟೆಯಲ್ಲಿ ಎದುರಾಗುವುದು ಎಂದು ಇಡಿಯಾಗಿಯೇ ಕಲಿಸಬೇಕು.

ಉತ್ತರ 3:
ಚುನಾವಣೆಯನ್ನೂ ಸೇರಿಸಿಕೊಳ್ಳಿ. ಅಮೆರಿಕನ್ನರು ಚುನಾವಣೆಯ ಸ್ಪರ್ಧೆಗೆ ‘ರನ್’ ಎನ್ನುತ್ತಾರೆ, ಬ್ರಿಟಿಷರು ‘ಸ್ಟ್ಯಾಂಡ್’ ಎನ್ನುತ್ತಾರೆ. ಕನ್ನಡದಲ್ಲಿಯೂ ಅಭ್ಯರ್ಥಿ ಚುನಾವಣೆಗೆ ನಿಲ್ಲುತ್ತಾನೆ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಇಂದು ‘ಇಸು’ ಹಚ್ಚಿ ನೋಡಲು ಹೇಳಿದೆ. ಆ ಹುಡುಗಿ ಮೊದಲು ‘ಓಡಿಸುತ್ತಾರೆ’ ಎಂದಳು, ತಲೆಯಾಡಿಸಿದಳು, ಆಮೇಲೆ ‘ನಡೆಸುತ್ತಾರೆ’ ಎಂದಳು. ಬಳಿಕ ಸಿನಿಮಾ ನೂರು ದಿನ ಓಡಿತು ಎನ್ನುತ್ತೇವಲ್ಲ, ಅದಕ್ಕೂ ರನ್ ಎನ್ನಬಹುದೇ ಎಂದು ಅವಳೇ ಕೇಳಿದಳು. ಎನ್ನಬಹುದು ಎಂದೆ.