ಯುಎನ್ ಶಾಂತಿಪಾಲನಾ ಮಿಷನ್‌ಗೆ ವಾಲಂಟಿಯರ್ ಡಾಕ್ಟರ್ ಆಗಿ ಹೋಗಲು ತಯಾರಿ ಹೇಗೆ?

ಯಾದಗಿರಿ_ಡ್ಯೂಟಿಡಾಕ್ಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಎಂಬಿಬಿಎಸ್, ವಯಸ್ಸು 31. ಯಾದಗಿರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕ್ಯಾಶುವಾಲ್ಟಿ ನೋಡುತ್ತೇನೆ, ಸರ್ಕಾರಿ ನೌಕರಿ. ವಿಶ್ವಸಂಸ್ಥೆಯ ಶಾಂತಿಪಾಲನಾ ಮಿಷನ್‌ನಲ್ಲಿ ಸ್ವಯಂಸೇವಕ ವೈದ್ಯೆಯಾಗಿ ಕೆಲಸ ಮಾಡಬೇಕೆಂಬ ಆಸೆ ಇದೆ. ದಕ್ಷಿಣ ಸುಡಾನ್ ಮನಸ್ಸಿನಲ್ಲಿದೆ. ಅರ್ಜಿ ಎಲ್ಲಿ, ಹೇಗೆ ಹಾಕುವುದು? ಪಿಜಿ ಇಲ್ಲದಿದ್ದರೆ ತೆಗೆದುಕೊಳ್ಳುತ್ತಾರೆಯೇ? ಅಲ್ಲಿ ಹೋದ ಮೇಲೆ ನಿಜವಾಗಿ ಎಂಥ ಕೇಸ್ ನೋಡಬೇಕಾಗುತ್ತದೆ, ಇಲ್ಲಿಂದಲೇ ಏನು ಕಲಿತು ಹೋಗಬೇಕು? ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ‘ನೋಂದಣಿ ಶುಲ್ಕ’ ಕಟ್ಟಿದರೆ ಮಾಡಿಸಿಕೊಡುತ್ತೇವೆ ಎನ್ನುತ್ತಿದ್ದಾರೆ, ಅದು ನಂಬಬಹುದಾ?

ಬೀದರ್_ಕೋಟೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಅರ್ಜಿ, ಸಂದರ್ಶನ, ತರಬೇತಿ, ಯಾವ ಹಂತದಲ್ಲೂ ವಿಶ್ವಸಂಸ್ಥೆ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ನಡುವೆ ಏಜೆಂಟರೂ ಇರುವುದಿಲ್ಲ. ಆ ಮನುಷ್ಯನಿಗೆ ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದರೆ ಇನ್ನು ಮುಂದೆ ಏನನ್ನೂ ಕಳಿಸಬೇಡಿ.

ನೀವು ಹುಡುಕುತ್ತಿರುವುದು ಯುಎನ್‌ವಿ, ಅಂದರೆ ಯುನೈಟೆಡ್ ನೇಷನ್ಸ್ ವಾಲಂಟಿಯರ್ಸ್. 1970ರಲ್ಲಿ ಸಾಮಾನ್ಯ ಸಭೆ ಸ್ಥಾಪಿಸಿದ್ದು, ಕೇಂದ್ರ ಕಚೇರಿ ಜರ್ಮನಿಯ ಬಾನ್‌ನಲ್ಲಿ. ಅವರ ಪೋರ್ಟಲ್‌ನಲ್ಲಿ ಪ್ರೊಫೈಲ್ ತೆರೆದು, ಹುದ್ದೆ ಪ್ರಕಟವಾದಾಗ ಒಂದೊಂದಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು. ನಿಮಗೆ ಹೊಂದುವುದು ‘ಅಂತಾರಾಷ್ಟ್ರೀಯ ಸ್ಪೆಷಲಿಸ್ಟ್’ ವರ್ಗ: ಕನಿಷ್ಠ ವಯಸ್ಸು 27, ಜೊತೆಗೆ ಕೆಲವು ವರ್ಷಗಳ ಅನುಭವ. ಸ್ಪೆಷಲಿಸ್ಟ್ ಎಂಬ ಹೆಸರು ನೋಡಿ ಪಿಜಿ ಬೇಕೇ ಬೇಕು ಅಂದುಕೊಳ್ಳಬೇಡಿ, ಅದು ಸ್ವಯಂಸೇವಕರ ವರ್ಗದ ಹೆಸರಷ್ಟೇ. ವೈದ್ಯರ ಹುದ್ದೆಗಳಲ್ಲಿ ಇಂಟರ್ನ್‌ಶಿಪ್ ಮುಗಿದ ಮೇಲಿನ ಅನುಭವವನ್ನು, ಅದರಲ್ಲೂ ಎಮರ್ಜೆನ್ಸಿ ಮತ್ತು ಟ್ರಾಮಾ ಕೆಲಸವನ್ನು ಗಟ್ಟಿಯಾಗಿ ನೋಡುತ್ತಾರೆ. ಎಟಿಎಲ್‌ಎಸ್ (ಗಾಯಾಳುಗಳ ತುರ್ತು ಚಿಕಿತ್ಸೆಯ ಕೋರ್ಸ್), ಎಸಿಎಲ್‌ಎಸ್ (ಹೃದಯದ ತುರ್ತು ಚಿಕಿತ್ಸೆಯ ಕೋರ್ಸ್) ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ.

ಪ್ರೊಫೈಲ್‌ನಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ: ‘ಎಮರ್ಜೆನ್ಸಿ ಕೇಸ್‌ಗಳ ನಿರ್ವಹಣೆ’ ಎಂದು ಒಂದು ಸಾಲು ಬರೆದು ಬಿಡುತ್ತಾರೆ. ಅದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಒಂದು ವರ್ಷದಲ್ಲಿ ಎಷ್ಟು ಇಂಟ್ಯುಬೇಷನ್ (ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು), ಎಷ್ಟು ಚೆಸ್ಟ್ ಡ್ರೈನ್ (ಎದೆಗೂಡಿನ ಗಾಳಿ, ರಕ್ತ ಹೊರತೆಗೆಯುವ ಕೊಳವೆ), ಎಷ್ಟು ಹಾವು ಕಡಿತ, ಎಷ್ಟು ಕ್ರಿಮಿನಾಶಕ ಸೇವನೆಯ ಕೇಸ್, ರಾತ್ರಿ ಒಬ್ಬರೇ ಡ್ಯೂಟಿ ಮಾಡಿ ಎಷ್ಟು ಜನರನ್ನು ಸ್ಥಿರಗೊಳಿಸಿ ಕಲಬುರಗಿಗೆ ಕಳಿಸಿದ್ದೀರಿ, ಇದನ್ನೆಲ್ಲ ರಿಜಿಸ್ಟರ್ ನೋಡಿ ಬರೆಯಿರಿ. ಸಾಧನ ಕಡಿಮೆ ಇರುವಲ್ಲಿ ರೋಗಿಯನ್ನು ಸ್ಥಿರಗೊಳಿಸಿ ಮುಂದೆ ಕಳಿಸುವುದೇ ಅಲ್ಲಿನ ಕೆಲಸ. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಇದು ನಿಜವಾದ ಬಲ, ಅದನ್ನು ಮುಚ್ಚಿಡಬೇಡಿ.

ಕಾಗದಪತ್ರ: ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ನವೀಕರಣ ಆಗಿದೆಯೇ ನೋಡಿ, ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ನಿಮ್ಮ ಮೇಲೆ ಶಿಸ್ತು ಕ್ರಮ ಇಲ್ಲ ಎಂಬ ಪತ್ರ) ಪಡೆಯಿರಿ. ನೀವು ಸರ್ಕಾರಿ ನೌಕರರು, ಆದ್ದರಿಂದ ಇಲಾಖೆಯ ಲಿಖಿತ ಅನುಮತಿ ಮತ್ತು ರಜೆ ಮಂಜೂರಾತಿ ಇಲ್ಲದೆ ಒಪ್ಪಂದಕ್ಕೆ ಸಹಿ ಹಾಕಬೇಡಿ. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಿಂದ ಮೇಲಕ್ಕೆ ಕಡತ ಹೋಗಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆಯ್ಕೆಯಾದ ಮೇಲೆ ಓಡಾಡುವ ಬದಲು ಅರ್ಜಿ ಹಾಕುವಾಗಲೇ ಕಡತ ಶುರು ಮಾಡಿಸಿ.

ಇದು ಸಂಬಳದ ಕೆಲಸವಲ್ಲ. ತಿಂಗಳ ಜೀವನ ಭತ್ಯೆ, ಹೋಗುವಾಗ ನೆಲೆಸಲು ಒಂದು ಮೊತ್ತ, ಮುಗಿಸಿ ಬರುವಾಗ ಇನ್ನೊಂದು, ಆರೋಗ್ಯ ಮತ್ತು ಜೀವ ವಿಮೆ, ತಿಂಗಳಿಗೆ 2.5 ದಿನ ರಜೆ. ದಕ್ಷಿಣ ಸುಡಾನ್‌ಗೆ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಅಲ್ಲಿ ಇಂಗ್ಲಿಷ್ ಸಾಕು. ಕಾಂಗೋ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದ ಮಿಷನ್‌ಗಳಿಗೆ ಫ್ರೆಂಚ್ ಬೇಕು.

ಕಲಬುರಗಿ_ಅನಸ್ತೇಶಿಯಾ

ಕೆಲಸದ ಬಗ್ಗೆ ನಾ ಹೇಳ್ತೀನ್ರಿ ಮೇಡಂ. ಮೊದಲ ಒಂದು ಮಾತು ಸ್ಪಷ್ಟ ಇರ್ಲಿ. ಮಿಷನ್ ಕ್ಲಿನಿಕ್ ಇರೋದು ಮಿಷನ್ನಿನ ಮಂದಿಗಾಗಿ: ಸಿವಿಲ್ ಸಿಬ್ಬಂದಿ, ಯುಎನ್ ಪೊಲೀಸರು, ಸೈನಿಕರು, ಬ್ಯಾರೆ ವಾಲಂಟಿಯರ್‌ಗಳು. ಊರ ಜನರಿಗೆ ಜೀವ ಉಳಿಸೋ ತುರ್ತಿನಾಗ ಸಹಾಯ ಮಾಡ್ತಾರ, ಆದ್ರ ದಿನಾ ಓಪಿಡಿ ಅವರಿಗಲ್ಲ. ನಿಮ್ಮ ಆಸೆ ಅಲ್ಲಿನ ಜನರ ಸೇವಾ ಮಾಡೋದೇ ಇದ್ರ ಎಂಎಸ್‌ಎಫ್ (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್) ನಂಥ ಸಂಸ್ಥೆ ನೋಡ್ರಿ. ಇದನ್ನ ಹೋಗೋಕಿಂತ ಮೊದಲೇ ತೀರ್ಮಾನ ಮಾಡ್ಕೊಂಡ್ರ ಛಲೋ.

ಲೆವೆಲ್ 1 ಕ್ಲಿನಿಕ್ ಅಂದ್ರ ದಿನಕ್ಕ 20 ಹೊರರೋಗಿ, 5 ಹಾಸಿಗಿ, ಒಬ್ಬರನ್ನ ಹೆಚ್ಚಂದ್ರ 2 ದಿನ ಇಟ್ಕೊಳ್ಳೋ ಅಳತಿ. ಇಬ್ಬರು ಡಾಕ್ಟರ್, ಆರು ಮಂದಿ ನರ್ಸ್ ಇಲ್ಲಾ ಪ್ಯಾರಾಮೆಡಿಕ್. ಆಪರೇಷನ್ ಥಿಯೇಟರ್ ಇರಂಗಿಲ್ಲ. ಸರ್ಜರಿ ಲೆವೆಲ್ 2ರಾಗ ಶುರು ಆಗ್ತದ: 20 ಹಾಸಿಗಿ, ದಿನಕ್ಕ 3-4 ಆಪರೇಷನ್. ಹಿಂಗಾಗಿ ನಿಮ್ಮ ಕೆಲಸದ ತಿರುಳು ಇಷ್ಟ: ದಿನಾ ಜ್ವರ, ಭೇದಿ, ಬಿಪಿ, ಶುಗರ್, ರಸ್ತೆ ಅಪಘಾತ ನೋಡೋದು, ಗುಂಡೇಟು ಬಂದ ದಿನ ಲೆವೆಲ್ 2ಕ್ಕ ಜೀವಂತ ಮುಟ್ಟಿಸೋದು.

ಯುಎನ್‌ದೊಳಗ ‘10-1-2’ ಅಂತ ನಿಯಮ ಅದ. ಗಾಯ ಆದ 10 ನಿಮಿಷದೊಳಗ ರಕ್ತ ನಿಲ್ಲಿಸಿ ಉಸಿರಿನ ದಾರಿ ತೆರೀಬೇಕು, 1 ತಾಸಿನೊಳಗ ಮುಂದುವರಿದ ಚಿಕಿತ್ಸಾ ಸಿಗಬೇಕು, 2 ತಾಸಿನೊಳಗ ಸರ್ಜರಿ. ಮೊದಲಿನ ಹತ್ತು ನಿಮಿಷ ಡಾಕ್ಟರ್ ಕೈಯಾಗ ಇರಂಗಿಲ್ಲ, ಬಾಜೂಕ ಇದ್ದ ಸಿಪಾಯಿ ಕೈಯಾಗ ಇರ್ತದ. ಅದಕ್ಕ ಖಾಲಿ ಇದ್ದಾಗೆಲ್ಲ ಅವರಿಗೆ ಟೂರ್ನಿಕೆ (ರಕ್ತ ನಿಲ್ಲಿಸೋ ಬಿಗಿ ಪಟ್ಟಿ) ಹಾಕೋದು ಕಲಿಸ್ರಿ: ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮ್ಯಾಲ, ಕೀಲಿನ ಮ್ಯಾಲಲ್ಲ, ರಕ್ತ ನಿಲ್ಲೋತನಕ ಬಿಗಿಬೇಕು, ಹಾಕಿದ ವ್ಯಾಳ್ಯಾ ಬರೀಬೇಕು. ತಪ್ಪಾಗೋದು ಎಲ್ಲಿ ಅಂದ್ರ, ನೋವು ಅಂತ ಅರ್ಧ ಬಿಗಿದು ಬಿಡ್ತಾರ. ಆಗ ಅಭಿಧಮನಿ (ವೇನ್) ಮಾತ್ರ ಮುಚ್ಚಿ ಅಪಧಮನಿ ಹರೀತಾನ ಇರ್ತದ, ರಕ್ತಸ್ರಾವ ಇನ್ನೂ ಜಾಸ್ತಿ ಆಗ್ತದ.

ಟ್ರಾನೆಕ್ಸಾಮಿಕ್ ಆಸಿಡ್ (ರಕ್ತಸ್ರಾವ ತಗ್ಗಿಸೋ ಔಷಧ) 1 ಗ್ರಾಂ 10 ನಿಮಿಷದಾಗ, ಆಮ್ಯಾಲ 1 ಗ್ರಾಂ 8 ತಾಸಿನಾಗ. ಗಾಯ ಆಗಿ 3 ತಾಸು ದಾಟಿದ್ರ ಶುರು ಮಾಡಬ್ಯಾಡ್ರಿ, ಲಾಭಕ್ಕಿಂತ ನಷ್ಟ ಅದ.

ಹೆಲಿಕಾಪ್ಟರ್ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ಇಲ್ಲಿ ಯಾರಿಗೂ ರೂಢಿ ಇಲ್ಲ. ಹೆಚ್ಚಾಗಿ ಎಂಐ-8 ಬರ್ತದ. ಒಳಗ ಸ್ಟೆತೊಸ್ಕೋಪ್ ಕೇಳಂಗಿಲ್ಲ, ಮಾನಿಟರ್ ಅಲಾರಂ ಕೇಳಂಗಿಲ್ಲ. ಕ್ಯಾಪ್ನೋಗ್ರಾಫ್ (ಉಸಿರಿನಾಗಿನ ಕಾರ್ಬನ್ ಡೈಆಕ್ಸೈಡ್ ತೋರಿಸೋ ಯಂತ್ರ) ಗೆರಿ ಕಣ್ಣಿಗೆ ಕಾಣೋ ಹಂಗ ಇಟ್ಕೋರಿ, ಎದಿ ಏಳೋದು ಕೈಯಿಟ್ಟು ನೋಡ್ರಿ. ಏರ್‌ವೇ ಬಗ್ಗೆ ಅನುಮಾನ ಇದ್ರ ನೆಲದ ಮ್ಯಾಲೇ ಇಂಟ್ಯುಬೇಟ್ ಮಾಡಿ ಹತ್ತಿಸ್ರಿ, ಗಾಳ್ಯಾಗ ಮಾಡೋ ಕೆಲಸ ಅಲ್ಲ ಅದು. ಶಾಕ್‌ನಾಗ ಇದ್ದವರಿಗೆ ಕೆಟಮಿನ್ (ಅರಿವಳಿಕೆ ಔಷಧ) ಡೋಸ್ ಇಳಸ್ರಿ, ಕೆಜಿಗೆ 0.5ರಿಂದ 1 ಮಿಲಿಗ್ರಾಂ ಸಾಕು. ಎತ್ತರ ಹೋದಂಗ ಒಳಗಿನ ಗಾಳಿ ಹಿಗ್ಗತದ. ಅದಕ್ಕ ನ್ಯೂಮೋಥೊರಾಕ್ಸ್ (ಪುಪ್ಪುಸದ ಹೊರಗ ಎದಿಯಾಗ ಗಾಳಿ ತುಂಬೋದು) ಇದ್ರ ಹತ್ತಿಸೋಕಿಂತ ಮೊದಲ ಡ್ರೈನ್ ಹಾಕ್ರಿ, ಟ್ಯೂಬಿನ ಕಫ್‌ನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನೊಳಗ ಅದ ಅಂತ ಅಳೀರಿ.

ಆಕ್ಸಿಜನ್ ಲೆಕ್ಕ ತಪ್ಪಿ ಸಾಯೋದು ಎಲ್ಲಕ್ಕಿಂತ ದುಃಖದ ಸಾವು. ಸಿಲಿಂಡರಿನ ನೀರಿನ ಲೀಟರ್ ಅಳತಿ ಗುಣಿಸು ಗೇಜಿನ ಬಾರ್, ಭಾಗಿಸು ನಿಮಿಷದ ಫ್ಲೋ. 10 ಲೀಟರ್ ಸಿಲಿಂಡರ್ 150 ಬಾರ್ ಇದ್ರ 1500 ಲೀಟರ್. ನಾನ್-ರೀಬ್ರೀದರ್ ಮಾಸ್ಕ್‌ಗೆ ನಿಮಿಷಕ್ಕ 15 ಬಿಟ್ರ 100 ನಿಮಿಷ ಅಷ್ಟ. ಗೇಜ್ ಅರ್ಧಕ್ಕ ಬಂದಿದ್ರ 50. ಹಾರಾಟ 40 ನಿಮಿಷ ಅಂತ ಹೇಳ್ತಾರ, ಆದ್ರ ಆಂಬ್ಯುಲೆನ್ಸಿನ ದಾರಿ, ಹೆಲಿಪ್ಯಾಡ್‌ನಾಗ ಕಾಯೋದು, ಇಳಿಸೋದು ಅದರಾಗ ಇಲ್ಲ. ಹೇಳಿದ ವ್ಯಾಳ್ಯಾದ ಎರಡು ಪಟ್ಟು ಒಯ್ಯಬೇಕು. ಇಲ್ಲಿನ ‘ಬಿ ಟೈಪ್’, ‘ಡಿ ಟೈಪ್’ ಹೆಸರು ಅಲ್ಲಿ ನಂಬಬ್ಯಾಡ್ರಿ, ಒಂದೊಂದು ದೇಶದ ಪದ್ಧತಿ ಬ್ಯಾರೆ. ರೆಗ್ಯುಲೇಟರ್ ಕೂಡ್ತದೋ ಇಲ್ಲೋ ಅಂತ ಹೋದ ಮೊದಲನೇ ದಿನಾನ ಹಚ್ಚಿ ನೋಡ್ರಿ.

ರೇಡಿಯೋದಾಗ ಎಟಿ-ಮಿಸ್ಟ್ ಕ್ರಮದಾಗ ಹೇಳಬೇಕು: ವಯಸ್ಸು, ಗಾಯ ಆದ ಸಮಯ, ಹೆಂಗ ಆತು, ಏನೇನು ಗಾಯ, ಪಲ್ಸ್-ಬಿಪಿ-ಉಸಿರು, ಏನು ಕೊಟ್ಟೀರಿ. ಅರ್ಧ ನಿಮಿಷದಾಗ ಮುಗೀಬೇಕು. ಈಗಿಂದಾನ ಜಿಮ್ಸ್‌ಗೆ (ಕಲಬುರಗಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ರೆಫರ್ ಮಾಡೋವಾಗ ಫೋನ್‌ನಾಗ ಹಿಂಗ ಹೇಳಿ ರೂಢಿ ಮಾಡ್ಕೋರಿ, ತಗೊಳ್ಳೋ ಡಾಕ್ಟರಿಗೂ ಉಪಯೋಗ ಆಗ್ತದ.

ಯಾದಗಿರಿ_ಡ್ಯೂಟಿಡಾಕ್ಟರ್

ಇಬ್ಬರಿಗೂ ತುಂಬಾ ಧನ್ಯವಾದ ಸರ್. ಆಕ್ಸಿಜನ್ ಲೆಕ್ಕವನ್ನು ನಮ್ಮ 108 ಆಂಬ್ಯುಲೆನ್ಸಿಗೂ ಬಳಸುತ್ತೇವೆ. ಲಸಿಕೆ, ಮಲೇರಿಯಾ ಬಗ್ಗೆ ಯಾರಾದರೂ ಹೇಳುವಿರಾ? ಹಾವು ಕಡಿತ ಇಲ್ಲಿ ಸಾಕಷ್ಟು ನೋಡುತ್ತೇವೆ, ಅದು ಅಲ್ಲಿಯೂ ಹೀಗೆಯೇ ತಾನೆ?

ತೊಗರಿನಾಡು_ಫಿಜಿಷಿಯನ್

ಹಾವಿನ ವಿಷಯದಲ್ಲಿ ಹೀಗೆಯೇ ಅಲ್ಲ, ದಯವಿಟ್ಟು ಗಮನಿಸಿ. ನಮ್ಮ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ತಯಾರಾಗುವುದು ಭಾರತದ ನಾಲ್ಕು ಹಾವುಗಳ ವಿಷದ ಮೇಲೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಆಫ್ರಿಕಾದ ಪಫ್ ಆಡರ್, ಮಾಂಬಾ, ವಿಷ ಉಗುಳುವ ನಾಗರ, ಅಲ್ಲಿನ ಗರಗಸ ಮಂಡಲ, ಇವಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ವಯಲ್ ಮೇಲಿನ ಹಾವುಗಳ ಪಟ್ಟಿ ಓದದೆ ಕೊಡಬೇಡಿ. ನಿಮ್ಮ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ರೆಪ್ಪೆ ಜೋಲುವುದನ್ನು ನೋಡುವ ಕಣ್ಣು, ಉಸಿರು ಸೋತಾಗ ಆಂಬು (ಉಸಿರು ಕೊಡುವ ಚೀಲ) ಹಿಡಿಯುವ ಕೈ, ಇವು ಅಲ್ಲಿಯೂ ಅಷ್ಟೇ ಉಪಯೋಗಕ್ಕೆ ಬರುತ್ತವೆ.

ಮಲೇರಿಯಾ ಅಲ್ಲಿ ಹೆಚ್ಚಾಗಿ ಫಾಲ್ಸಿಪೇರಂ (ಅತಿ ಅಪಾಯಕಾರಿ ಬಗೆ). ಜ್ವರ ಎಂದರೆ ಅದೇ ದಿನ ಪರೀಕ್ಷೆ. ಕಿಟ್ ಎರಡು ಕಡೆ ದಾರಿ ತಪ್ಪಿಸುತ್ತದೆ. ಎಚ್‌ಆರ್‌ಪಿ-2 (ಮಲೇರಿಯಾ ಪರಾವಲಂಬಿಯ ಪ್ರೋಟೀನ್) ಹುಡುಕುವ ಕಿಟ್ ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತದೆ. ಆ ಪ್ರೋಟೀನಿನ ಜೀನ್ ಕಳೆದುಕೊಂಡ ತಳಿ ಇದ್ದರೆ ಕಾಯಿಲೆ ಇದ್ದೂ ನೆಗೆಟಿವ್ ಬರುತ್ತದೆ. ಅನುಮಾನ ಉಳಿದರೆ ಸ್ಮಿಯರ್ (ಸೂಕ್ಷ್ಮದರ್ಶಕದ ರಕ್ತ ಪರೀಕ್ಷೆ) ಮಾಡಿಸಿ.

ತೀವ್ರ ಮಲೇರಿಯಾಗೆ ಆರ್ಟಿಸುನೇಟ್ ಕೆಜಿಗೆ 2.4 ಮಿಲಿಗ್ರಾಂ, 0, 12, 24ನೇ ಗಂಟೆಗೆ, ನಂತರ ದಿನಕ್ಕೊಮ್ಮೆ. 20 ಕೆಜಿಗಿಂತ ಕಡಿಮೆ ಇರುವ ಮಕ್ಕಳಿಗೆ ಕೆಜಿಗೆ 3. ನರ್ಸ್‌ಗೆ ಕಲಿಸುವಾಗ ಹೀಗೆ ಹೇಳಿ: 60 ಮಿಲಿಗ್ರಾಂ ವಯಲ್‌ಗೆ ಜೊತೆಗೆ ಬಂದ ಬೈಕಾರ್ಬೊನೇಟ್ 1 ಮಿಲಿ ಹಾಕಿ ತಿಳಿಯಾಗುವವರೆಗೆ ಅಲ್ಲಾಡಿಸಿ, ಮೇಲೆ 5 ಮಿಲಿ ಸಲೈನ್. ಈಗ 1 ಮಿಲಿಯಲ್ಲಿ 10 ಮಿಲಿಗ್ರಾಂ. 60 ಕೆಜಿ ರೋಗಿಗೆ 144 ಮಿಲಿಗ್ರಾಂ, ಅಂದರೆ 14.4 ಮಿಲಿ, ಮೂರು ವಯಲ್ ಒಡೆಯಬೇಕು. ನಿಮಿಷಕ್ಕೆ 3-4 ಮಿಲಿಯಂತೆ ನಿಧಾನ ಕೊಡಿ. ಕಲಸಿದ್ದನ್ನು ಒಂದು ಗಂಟೆಯೊಳಗೆ ಬಳಸಬೇಕು, ಮುಂದಿನ ಡೋಸ್‌ಗೆಂದು ಫ್ರಿಜ್ಜಿನಲ್ಲಿ ಇಡಬಾರದು. ಗುಣವಾದ ಒಂದೆರಡು ವಾರದ ಮೇಲೆ ಹಿಮೋಗ್ಲೋಬಿನ್ ಮತ್ತೆ ನೋಡಿ. ತಡವಾಗಿ ರಕ್ತಕಣ ಒಡೆಯುವುದುಂಟು.

ನಿಮಗೆ ನೀವೇ ತೆಗೆದುಕೊಳ್ಳುವ ಮಾತ್ರೆ: ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಾ, ಹೊರಡುವ ಒಂದೆರಡು ದಿನ ಮೊದಲಿನಿಂದ ಬಂದ ಮೇಲೆ 4 ವಾರದವರೆಗೆ. ತುಂಬಿದ ಲೋಟ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ, ಅನ್ನನಾಳ ಸುಡುತ್ತದೆ. ರಜೆಗೆ ಊರಿಗೆ ಬಂದಾಗ ಬಹಳ ಜನ ಮಾತ್ರೆ ನಿಲ್ಲಿಸುತ್ತಾರೆ. ಆಮೇಲೆ ಜ್ವರ ಬಂದು ಇಲ್ಲಿ ವಿಡಾಲ್ ಮಾಡಿಸಿ ಟೈಫಾಯ್ಡ್ ಚಿಕಿತ್ಸೆ ನಡೆಯುತ್ತಿರುತ್ತದೆ, ಅಷ್ಟರಲ್ಲಿ ರೋಗಿ ಕೋಮಾಗೆ ಹೋಗಿರಬಹುದು. ಎಲ್ಲಿಂದ ಬಂದಿರಿ ಎಂಬುದನ್ನು ಮನೆಯವರಿಗೂ ಹೇಳಿಡಿ.

ಹಳದಿ ಜ್ವರದ ಲಸಿಕೆ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಮಾತ್ರ. ನಮ್ಮ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಒಂದು ವಯಲ್‌ನಲ್ಲಿ ಹಲವರ ಡೋಸ್ ಇರುವುದರಿಂದ ಗೊತ್ತಾದ ದಿನಗಳಲ್ಲಷ್ಟೇ ಹಾಕುತ್ತಾರೆ, ವಿಚಾರಿಸಿಯೇ ಹೊರಡಿ, ಮೂಲ ಪಾಸ್‌ಪೋರ್ಟ್ ಒಯ್ಯಿರಿ. ಲಸಿಕೆಯ ಕಾರ್ಡ್ 10 ದಿನದ ನಂತರ ಜಾರಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಆ ದೇಶಗಳಿಂದ ಮರಳಿದರೆ ಇಲ್ಲಿನ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಕ್ವಾರಂಟೈನ್. ಮೆನಿಂಗೊಕಾಕಲ್ ಎಸಿಡಬ್ಲ್ಯುವೈ, ಹೆಪಟೈಟಿಸ್ ಎ, ಟೈಫಾಯ್ಡ್, ಟಿಡಿ (ಧನುರ್ವಾಯು-ಡಿಫ್ತೀರಿಯಾ), ರೇಬಿಸ್ ಮುಂಜಾಗ್ರತೆಯ ಎರಡು ಡೋಸ್ (0 ಮತ್ತು 7ನೇ ದಿನ) ಕೂಡ ಹಾಕಿಸಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆ ಎಂದು ಸುಮ್ಮನಿರದೆ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ನೋಡಿ, 10ಕ್ಕಿಂತ ಕಡಿಮೆ ಇದ್ದರೆ ಮತ್ತೆ ಬೇಕು. ಸೂಜಿ ಚುಚ್ಚಿದರೆ ಎಚ್‌ಐವಿ ತಡೆ ಔಷಧ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಕ್ಲಿನಿಕ್‌ನಲ್ಲಿ ಆ ಕಿಟ್ ಎಲ್ಲಿದೆ, ರಾತ್ರಿ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಸೇರಿದ ದಿನವೇ ಕೇಳಿ.

ಬೀದರ್_ಕೋಟೆ

ಒಂದು ಬಿಟ್ಟುಹೋಗಿತ್ತು. ಬಿ-ಸೇಫ್ ಎಂಬ ಭದ್ರತಾ ತರಬೇತಿ ಆನ್‌ಲೈನ್‌ನಲ್ಲಿ ಉಚಿತ, ಈಗಲೇ ಮುಗಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಎಟಿಎಲ್‌ಎಸ್‌ಗೆ ಸೀಟು ಕಡಿಮೆ, ತಿಂಗಳು ಮುಂಚೆಯೇ ತುಂಬುತ್ತವೆ. ನಿಮ್ಮ ಜಾಗದಲ್ಲಿ ಯಾರಿದ್ದರೂ ಈ ವಾರ ಮೊದಲು ಮಾಡಬೇಕಾದ್ದು ಎರಡೇ: ಎಟಿಎಲ್‌ಎಸ್ ಸೀಟು ಕಾಯ್ದಿರಿಸುವುದು, ಡಿಎಚ್‌ಒ ಕಚೇರಿಗೆ ಅನುಮತಿ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು.