ನಾಲ್ಕು ಮಾತ್ರೆಯ ಕಿಟ್: ಸ್ತ್ರೀರೋಗ ತಜ್ಞೆಗೆ ಪ್ರಶ್ನೆಗಳು

ತುಮಕೂರಿನ ಸದಸ್ಯೆ: ಮೇಡಂ, ಬಿಳಿ ಸೆರಗು, ತುರಿಕೆ ಎಂದಾಗ ಔಷಧಿ ಅಂಗಡಿಯಲ್ಲಿ ಕಿಟ್ ಕೊಟ್ಟರು. ಫ್ಲುಕೊನಜೋಲ್ ಒಂದು, ಅಜಿತ್ರೊಮೈಸಿನ್ ಒಂದು, ಸೆಕ್ನಿಡಜೋಲ್ ಎರಡು. ನಾಲ್ಕನ್ನೂ ಒಟ್ಟಿಗೆ ನುಂಗಬಹುದೇ?

ವೈದ್ಯೆ: ಪರೀಕ್ಷೆಯಾಗದೆ ಬೇಡ. ಒಡೆದ ಹಾಲಿನಂತಹ ಸ್ರಾವ, ತಡೆಯಲಾಗದ ತುರಿಕೆ ಇದ್ದರೆ ಹೆಚ್ಚಾಗಿ ಶಿಲೀಂಧ್ರ, ಫ್ಲುಕೊನಜೋಲ್ ಸಾಕು. ತೆಳುವಾದ ಬೂದು ಸ್ರಾವ, ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾ. ಸೆಕ್ನಿಡಜೋಲ್ ಅಥವಾ ಮೆಟ್ರೊನಿಡಜೋಲ್. ಎರಡೂ ಸೋಂಕು ಜೊತೆಗಿರುವುದುಂಟು. ಸರ್ಕಾರಿ ಆಸ್ಪತ್ರೆಯ ಹಸಿರು ಕಿಟ್‌ನಲ್ಲಿ ಸೆಕ್ನಿಡಜೋಲ್, ಫ್ಲುಕೊನಜೋಲ್ ಮಾತ್ರ ಇರುವುದು ಅದಕ್ಕೇ. ಅಜಿತ್ರೊಮೈಸಿನ್ ಗರ್ಭಕೊರಳಿನ ಸೋಂಕಿನ ಔಷಧಿ, ಬೇರೆ ಕಿಟ್‌ನದು.

ಹಾಸನದ ಸದಸ್ಯೆ: ನಮ್ಮ ಅತ್ತೆಗೆ 58 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ನುಂಗುತ್ತಾರೆ. ಇದೇ ಕಿಟ್ ಮೂರು ಸಲವಾಯಿತು, ತುರಿಕೆ ಮತ್ತೆ ಬರುತ್ತದೆ. ಕಳೆದ ಸಲ ಮರುದಿನ ಬೆವತು ನಡುಗಿದರು. ಔಷಧಿಯ ಉಷ್ಣವೆಂದು ಎಳನೀರು ಕೊಟ್ಟೆವು, ಸರಿಹೋದರು.

ವೈದ್ಯೆ: ಉಷ್ಣವಲ್ಲಮ್ಮ, ಸಕ್ಕರೆ ಕುಸಿದಿರಬೇಕು. ಗ್ಲಿಮೆಪಿರೈಡ್ ಯಕೃತ್ತಿನಲ್ಲಿ ಕರಗುವುದನ್ನು ಫ್ಲುಕೊನಜೋಲ್ ತಡೆಯುತ್ತದೆ. ಮಾತ್ರೆ ರಕ್ತದಲ್ಲೇ ಉಳಿದು ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಎಳನೀರಿನ ಸಿಹಿ ಅವರನ್ನು ಉಳಿಸಿರಬಹುದು. ನಿದ್ದೆಯಲ್ಲಿ ಹೀಗಾಗಿದ್ದರೆ ನಿಮಗೆ ತಿಳಿಯುತ್ತಲೂ ಇರಲಿಲ್ಲ. ಇನ್ನು ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಶಿಲೀಂಧ್ರಕ್ಕೆ ಅದೇ ಆಹಾರ. ಮುಟ್ಟು ನಿಂತವರಿಗೆ ಈ ತುರಿಕೆ ಮರಳಿ ಮರಳಿ ಬಂದರೆ ನಾನು ಮೊದಲು ಕೇಳುವುದೇ ಸಕ್ಕರೆ ಮಾತ್ರೆಯ ಹೆಸರನ್ನು. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಚೀಟಿಗಳನ್ನೆಲ್ಲ ಹಿಡಿದು ನಾಳೆಯೇ ವೈದ್ಯರನ್ನು ಕಾಣಿ. ಮೂರು ತಿಂಗಳ ಸಕ್ಕರೆ ಸರಾಸರಿ, ಸ್ರಾವ ಎರಡರ ಪರೀಕ್ಷೆಯೂ ಆಗಬೇಕು. ರಕ್ತದ ಕಲೆಯೇನಾದರೂ ಕಂಡಿದೆಯೇ?

ದಾವಣಗೆರೆಯ ಸದಸ್ಯೆ: ಕ್ಲಿಂಡಮೈಸಿನ್, ಕ್ಲೋಟ್ರಿಮಜೋಲ್ ಸೇರಿರುವ, ಒಳಗಿಡುವ ಕ್ಯಾಪ್ಸೂಲ್ ಮುಟ್ಟಿನ ದಿನಗಳಲ್ಲೂ ಬಳಸಬಹುದೇ?

ಶಿರಸಿಯ ಸದಸ್ಯೆ: ಬೆಳ್ಳುಳ್ಳಿ ಎಸಳನ್ನು ರಾತ್ರಿ ಒಳಗಿಟ್ಟು, ಬೆಳಿಗ್ಗೆ ಪಟಿಕದ ನೀರಿನಲ್ಲಿ ತೊಳೆದರೆ ಗುಣವೆಂದು ಸಂದೇಶ ಬಂದಿದೆ.

ವೈದ್ಯೆ: ಬೆಳ್ಳುಳ್ಳಿ ಒಗ್ಗರಣೆಗಿರಲಿ. ಅಲ್ಲಿನ ಚರ್ಮ ಸುಡುತ್ತದೆ. ಒಳಗೆ ತೊಳೆದರೆ ಸೋಂಕಿನಿಂದ ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ ಕೂಡ ಕೊಚ್ಚಿಹೋಗುತ್ತದೆ. ಆ ಸಂದೇಶವನ್ನು ಇಲ್ಲಿ ಇನ್ನೊಬ್ಬರು ಹಾಕಿದರೆ ನಾನು ಉತ್ತರಿಸುವುದಿಲ್ಲ.

ಧಾರವಾಡದ ಸದಸ್ಯೆ: ನಮ್ಮ ಅಜ್ಜಿಯಂದಿರು ಯಾವ ಕಿಟ್ ನುಂಗಿದ್ದರು?

ಔಷಧಿ ಅಂಗಡಿಯ ಸದಸ್ಯ: ಅವರು ಸಹಿಸಿಕೊಂಡಿದ್ದರು, ಅಷ್ಟೆ.

ಧಾರವಾಡದ ಸದಸ್ಯೆ: ಚೀಟಿಯಿಲ್ಲದೆ ಮಾರುವವರು ನಮಗೆ ಪಾಠ ಹೇಳಬೇಡಿ.

ಔಷಧಿ ಅಂಗಡಿಯ ಸದಸ್ಯ: ಚೀಟಿ ಕೇಳಿದರೆ ಪಕ್ಕದ ಅಂಗಡಿಗೆ ಹೋಗುವವರು ಯಾರು?

ಬಳ್ಳಾರಿಯ ಸದಸ್ಯೆ: ಕಿಟ್‌ನ ನಾಲ್ಕೂ ಮಾತ್ರೆ ಒಟ್ಟಿಗೆ ನುಂಗಬಹುದೇ ಮೇಡಂ?

ವೈದ್ಯೆ: ಮೇಲೆ ಓದಿ.

ಮೈಸೂರಿನ ಸದಸ್ಯೆ: ನನಗೀಗ ಐದು ತಿಂಗಳು. ಈ ಕಿಟ್ ನುಂಗಬಹುದೇ?

ವೈದ್ಯೆ: ಬೇಡ. ಶಿಲೀಂಧ್ರವೆಂದು ಖಚಿತವಾದರೆ ಗರ್ಭಿಣಿಯರಿಗೆ ಒಳಗಿಡುವ ಕ್ಲೋಟ್ರಿಮಜೋಲ್ ಕೊಡುತ್ತೇವೆ. ನಿಮ್ಮ ವೈದ್ಯರನ್ನು ಕಾಣಿ.

ಬಳ್ಳಾರಿಯ ಸದಸ್ಯೆ: ಗಂಡನಿಗೂ ಕೊಡಬೇಕೇ?

ವೈದ್ಯೆ: ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಸೋಂಕಾದರೆ ಹೌದು. ಶಿಲೀಂಧ್ರವಾದರೆ ಸಾಮಾನ್ಯವಾಗಿ ಬೇಡ.

ಹಾಸನದ ಸದಸ್ಯೆ: ಕಲೆ ಕಂಡಿಲ್ಲವಂತೆ. ಆದರೆ ಒಳಗಿನ ಪರೀಕ್ಷೆಗೆ ಅತ್ತೆ ಒಪ್ಪುವುದಿಲ್ಲ.

ವೈದ್ಯೆ: ಸಕ್ಕರೆ ವೈದ್ಯರ ಬಳಿಗಾದರೂ ಬರುತ್ತಾರಲ್ಲ? ಅಲ್ಲಿಂದ ಶುರು ಮಾಡಿ. ನಾಲ್ಕನೇ ಕಿಟ್ ತರಬೇಡಿ.

ಧಾರವಾಡದ ಸದಸ್ಯೆ: ತಂದರೂ ಮಾರುವವರು ಇಲ್ಲೇ ಇದ್ದಾರೆ.

ದಾವಣಗೆರೆಯ ಸದಸ್ಯೆ: ನಿಮ್ಮ ಜಗಳದಲ್ಲಿ ನನ್ನ ಕ್ಯಾಪ್ಸೂಲ್ ಪ್ರಶ್ನೆ ಹಾಗೇ ಉಳಿದಿದೆ.